ಅರ್ಧ ಕ್ಷೌರ

ಕ್ಷೌರದಂಗಡಿ ಭಾವನದು, ಕೆಲಸ ಭಾಮೈದನದು. ಹನ್ನೆರಡು ವರ್ಷ ಈ ಏರ್ಪಾಟಿನಲ್ಲಿ ಒಂದು ಗೊಣಗಾಟವೂ ಇರಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುವುದು ಭಾವನ ಪಾಲು; ಬಾಯಿ ಮುಚ್ಚಿಕೊಂಡು ಅವರ ಗಡ್ಡ ತೆಗೆಯುವುದು ಭಾಮೈದನ ಪಾಲು. ಗೊಣಗಾಟ ಶುರುವಾದದ್ದು ನಾಯಿ ಬಂದ ಮೇಲೆ.

ನಾಯಿ ಸುಮ್ಮನೆ ಬಂದದ್ದಲ್ಲ. ಒಂದೂವರೆ ವರ್ಷದ ಹಿಂದೆ ಇಬ್ಬರೂ ಅಂಗಡಿಗೆ ಹೊಸ ಕನ್ನಡಿ ತರಲು ವ್ಯಾನಿನಲ್ಲಿ ಹೋಗಿದ್ದರು. ಓಡಿಸುತ್ತಿದ್ದವರು ಭಾವ. ಬರುವಾಗ ಎದುರಿನ ಲಾರಿ ತಪ್ಪಿಸಲು ಹೋಗಿ ವ್ಯಾನು ಹಳ್ಳಕ್ಕೆ ಮಗುಚಿತು. ಭಾವನಿಗೆ ಒಂದು ಗೀರೂ ಆಗಲಿಲ್ಲ. ಭಾಮೈದ ಮಾತ್ರ ಒಡೆದ ಕನ್ನಡಿಗಳ ನಡುವೆ ಎರಡು ಗಂಟೆ ಸಿಕ್ಕಿಕೊಂಡಿದ್ದ. ಮೂಳೆಗಳೇನೋ ಮೂರು ತಿಂಗಳಲ್ಲಿ ಕೂಡಿಕೊಂಡವು, ಮನಸ್ಸು ಕೂಡಿಕೊಳ್ಳಲಿಲ್ಲ. ರಸ್ತೆಯಲ್ಲಿ ಯಾವುದಾದರೂ ಲಾರಿ ಕಿರ್ರೆಂದು ಬ್ರೇಕು ಹಾಕಿದರೆ ಸಾಕು, ಎದೆ ಡವಡವ, ಕೈ ಗಡಗಡ. ಕತ್ತಿ ಹಿಡಿದವನ ಕೈಯೇ ನಡುಗಿದರೆ ಕುರ್ಚಿಯಲ್ಲಿ ಕೂತವನ ಗತಿಯೇನು?

ಕೊನೆಗೆ ಮನೋವೈದ್ಯೆಯೊಬ್ಬರು ಇಂಥವರಿಗಾಗಿಯೇ ನಾಯಿ ಪಳಗಿಸುವ ಸಂಸ್ಥೆಗೆ ಕಾಗದ ಬರೆದುಕೊಟ್ಟರು. ಹಾಗೆ ಬಂದವಳು ಈ ಕಂದು ಬಣ್ಣದ, ಜೋಲು ಕಿವಿಯ, ಗಂಭೀರ ಮೋರೆಯ ಹೆಣ್ಣುನಾಯಿ. ಅವನ ಉಸಿರು ಒಂಚೂರು ಏರುಪೇರಾದರೂ ಎದ್ದು ಬಂದು ಕಾಲಿಗೆ ಒರಗಿ ನಿಲ್ಲುತ್ತಿದ್ದಳು. ನಡುಕ ಬರುವುದು ಅವನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವನು ಕತ್ತಿ ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು, ಅವಳ ಕತ್ತು ಹಿಡಿದುಕೊಳ್ಳುವನು. ಐದು ನಿಮಿಷದಲ್ಲಿ ಎಲ್ಲ ಸರಿ. ಗಿರಾಕಿಗಳು ಅವಳಿಗೆ ನರ್ಸಮ್ಮ ಎಂದು ಹೆಸರಿಟ್ಟರು. ಕೆಲವರಂತೂ ಅವಳನ್ನು ನೋಡುವ ನೆಪಕ್ಕೇ ಗಡ್ಡ ಬೆಳೆಸುತ್ತಿದ್ದರೋ ಏನೋ.

ಭಾವ ಮಾತ್ರ ಮೊದಲ ದಿನದಿಂದಲೇ ಮೂಗು ಮುರಿದರು. "ಕೂದಲು ಗುಡಿಸೋ ಜಾಗಕ್ಕೆ ಕೂದಲು ಉದುರಿಸೋ ಪ್ರಾಣಿ ತಂದಿದೀಯಲ್ಲೋ!" ಅವಳು ಹತ್ತಿರ ಸುಳಿದರೆ ಕಾಲು ಮೇಲೆತ್ತಿ ಕೂರುವರು. ಅಕ್ಕ ಹೇಳಿದರೂ ಸೊಪ್ಪು ಹಾಕಲಿಲ್ಲ. ಕಡೆಗೊಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟರು: "ಸೋಮವಾರ ನಿನ್ನ ಮುಂದೆ ಗಡ್ಡಕ್ಕೆ ನಾನೇ ಕೂರ್ತೀನಿ. ಅವಳು ಏಳೋ ಹಾಗಿಲ್ಲ, ನೀನು ನಿಲ್ಲಿಸೋ ಹಾಗಿಲ್ಲ. ಪೂರ್ತಿ ಗಡ್ಡ ತೆಗೆದ್ರೆ ನೀನೂ ಇರು, ಅವಳೂ ಇರಲಿ. ಎದ್ದಳೋ, ನಾನು ಬೇರೆಯವರನ್ನ ನೋಡ್ಕೋತೀನಿ."

ಆ ಕೆಲಸ ಬಿಟ್ಟರೆ ಅವನಿಗೆ ಬೇರೆ ಬರುತ್ತಿರಲಿಲ್ಲ. ಅದು ಭಾವನಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಭಾವ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ರಾಜಗಾಂಭೀರ್ಯದಿಂದ ಕೂತರು. ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರು ಪೇಪರ್ ಓದುತ್ತಿದ್ದರು. ಮೂಲೆಯಲ್ಲಿ ನರ್ಸಮ್ಮ ಮಲಗಿದ್ದಳು. ಅವನು ನೊರೆ ಹಚ್ಚಿ ಬಲಗೆನ್ನೆ ಮುಗಿಸಿದ, ಗದ್ದ ಎತ್ತಿ ಕುತ್ತಿಗೆ ಶುರು ಮಾಡಿದ. ಆಗಲೇ ಹೊರಗೆ ಲಾರಿಯೊಂದು ಕಿರ್ರೆಂದು ನಿಂತಿತು.

ಅವನ ಕೈ ಅಲುಗಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತಾನೆ, ನರ್ಸಮ್ಮ ಎದ್ದಿದ್ದಾಳೆ.

ಭಾವ ಕಣ್ಣು ಮುಚ್ಚಿದ್ದರು, ಮೇಷ್ಟ್ರ ತಲೆ ಪೇಪರಿನೊಳಗಿತ್ತು. ಕಂಡವರು ಯಾರೂ ಇಲ್ಲ. ಕೈಯಂತೂ ಕಲ್ಲಿನ ಹಾಗಿತ್ತು. ಎಡಗೆನ್ನೆ ಮುಗಿಸಲು ಎಷ್ಟು ಹೊತ್ತು? ಅವನಿಗೆ ಆಸೆಯಾಯಿತು, ನಿಜಕ್ಕೂ ಬಹಳ ಆಸೆಯಾಯಿತು. ಆದರೆ ತನ್ನ ಕೈಗಿಂತ ಅವಳನ್ನು ನಂಬಬೇಕೆಂದು ಅವನು ಕಲಿತುಬಿಟ್ಟಿದ್ದ. ಕತ್ತಿಯ ಕೆಳಗಿದ್ದದ್ದು ಅಕ್ಕನ ಗಂಡನ ಕುತ್ತಿಗೆ.

ಕತ್ತಿ ಮಡಚಿ ಪಕ್ಕಕ್ಕಿಟ್ಟ. "ಭಾವ, ಅವಳು ಎದ್ದಳು. ನಿಲ್ಲಿಸ್ತಾ ಇದೀನಿ," ಎಂದ. ಹನ್ನೆರಡು ವರ್ಷದ ಕುರ್ಚಿ ಹೋಯಿತು ಎಂದುಕೊಂಡು ಸ್ಟೂಲಿನ ಮೇಲೆ ಕುಸಿದು, ಅವಳ ಭಾರ ಕಾಲಿಗೆ ತಾಗುವುದನ್ನು ಕಾದ.

ತಾಗಲಿಲ್ಲ.

ತಿರುಗಿ ನೋಡಿದರೆ ನರ್ಸಮ್ಮ ಕುರ್ಚಿಯ ಆಚೆ ಬದಿಗೆ ಹೋಗಿ ಭಾವನ ಮಂಡಿಯ ಮೇಲೆ ತಲೆ ಊರಿ ನಿಂತಿದ್ದಳು. ಭಾವ ಕಾಲು ಎತ್ತಲಿಲ್ಲ, ಗದರಲಿಲ್ಲ. ಹೊದಿಸಿದ ಬಟ್ಟೆ ಇಡಿಯಾಗಿ ನಡುಗುತ್ತಿತ್ತು.

"ಭಾವ," ಎಂದ ಅವನು ಮೆಲ್ಲಗೆ, "ಯಾವಾಗಿಂದ?"

ಭಾವ ಕಣ್ಣು ತೆರೆಯದೆಯೇ ಉತ್ತರಿಸಿದರು. "ನೀನು ವ್ಯಾನೊಳಗಿಂದ ಕೂಗ್ತಾ ಇದ್ದೆಯಲ್ಲ, ಅವತ್ತಿಂದ. ನಿನಗಾದ್ರೆ ಮೂಳೆ ಮುರಿದಿತ್ತು. ಓಡಿಸಿದೋನು ನಾನು, ಏನಂತ ಹೋಗಿ ಡಾಕ್ಟರ ಮುಂದೆ ಕೂರ್ಲಿ?"

ಬಾಗಿಲ ಬಳಿ ಕೂತು ಊರವರನ್ನೆಲ್ಲ ನಗಿಸುವ ಮನುಷ್ಯನ ಪಕ್ಕದಲ್ಲೇ ಇಷ್ಟು ದಿನ ನಿಂತೂ ತನಗೆ ಏನೂ ಕಾಣಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಇವಳು ಬಂದ ದಿನದಿಂದ ನನ್ನನ್ನೇ ನೋಡ್ತಾಳೆ ಕಣೋ," ಎಂದರು ಭಾವ. ನೊರೆ ಹಚ್ಚಿದ ಎಡಗೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಎಲ್ಲರೆದುರು ಎದ್ದು ನನ್ನ ಹತ್ರಾನೇ ಬಂದುಬಿಡ್ತಾಳೇನೋ ಅಂತ ಹೆದರಿಕೆ. ಅದಕ್ಕೇ ಓಡಿಸ್ಬೇಕು ಅಂತಿದ್ದೆ."

ಬೆಂಚಿನಿಂದ ಮೇಷ್ಟ್ರು ಪೇಪರ್ ಇಳಿಸಿ, "ನನ್ನ ಸರದಿ ಬರತ್ತೇನಪ್ಪಾ?" ಎಂದು ಕೇಳಿದರು.

"ತಡ ಆಗತ್ತೆ ಮೇಷ್ಟ್ರೇ," ಎಂದ ಅವನು. ಸ್ಟೂಲನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು, ಬಟ್ಟೆಯೊಳಗಿಂದ ಭಾವನ ತಣ್ಣನೆಯ ಕೈ ತೆಗೆದು ನಾಯಿಯ ಕತ್ತಿನ ಮೇಲಿಟ್ಟ. "ಇಲ್ಲಿ ಹಿಡ್ಕೊಳ್ಳಿ ಭಾವ, ಕಿವಿ ಹಿಂದೆ. ಸಾಕು ಅಂತ ಅವಳೇ ಹೇಳ್ತಾಳೆ, ಅಲ್ಲಿವರೆಗೂ ಬಿಡಬೇಡಿ."