ತೂಕದ ಸಾಲು

ಈಜುಡುಗೆಯನ್ನು ಕಪಾಟಿನ ತಳಕ್ಕೆ ತುರುಕಿದ ಮಗಳು, ಇನ್ನು ಕೊಳದ ಕಡೆ ತಲೆ ಹಾಕುವುದಿಲ್ಲ ಎಂದಳು. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಭಾನುವಾರ ಈಜು ಪಂದ್ಯ, ಹುಡುಗಿ ಅದಕ್ಕಾಗಿ ತಿಂಗಳಿಂದ ಕುಣಿದಾಡುತ್ತಿದ್ದಳು. ಏನಾಯಿತೆಂದು ಅಮ್ಮ ಕೇಳಿದಳು. ಮಗಳು ಗೋಡೆಯ ಕಡೆ ತಿರುಗಿ ಮಲಗಿಕೊಂಡೇ ಹೇಳಿದಳು.

"ನಾನು ಹಾರಿದ್ರೆ ಕೊಳದ ನೀರೆಲ್ಲ ಆಚೆ ಬರುತ್ತಂತೆ. ತಂಡದ ಪುಟದಲ್ಲಿ ನನ್ನ ತೂಕ ಹಾಕಿದಾರೆ. ಎಲ್ರೂ ನೋಡಿದಾರೆ."

ಅಮ್ಮನ ಕೈಯಲ್ಲಿದ್ದ ಟವೆಲ್ ಅರ್ಧಕ್ಕೇ ನಿಂತಿತು. ಈಜು ಶಾಲೆಯ ಜಾಲತಾಣಕ್ಕೆ ಕೋಡ್ ಬರೆದವಳು ಅವಳೇ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಆ ಪುಟಕ್ಕೆ ಹೋಗದೆ ನೇರವಾಗಿ ಕೋಡಿಗೇ ಹೋದಳು. 'ಈಜುಗಾರ' ಎಂಬ ಕ್ಲಾಸ್, ಎಲ್ಲ ಮಕ್ಕಳಿಗೂ ಅದೊಂದೇ ಅಚ್ಚು: ಹೆಸರು, ವಯಸ್ಸು, ಈಜುವ ಬಗೆ. ವ್ಯಾಯಾಮದ ಗುಂಪು ಮಾಡಲು ತೂಕವನ್ನೂ ತುಂಬುವಂತಿರಲಿ ಎಂದು ತರಬೇತುದಾರರು ಹೋದ ವಾರ ಕೇಳಿದ್ದರು. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಆ ಸಾಲು ಸೇರಿಸಿದ್ದಳು. ಪರೀಕ್ಷಿಸುವುದು ಸುಲಭವೆಂದು ಮುಂದೆ 'ಪಬ್ಲಿಕ್', ಎಲ್ಲಿಂದ ಬೇಕಾದರೂ ಓದಬಹುದು, ಎಂದು ಹಾಕಿ, ಆಮೇಲೆ ಬದಲಿಸಿದರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ಅನ್ನ ಸೀದಿತ್ತು, ಬದಲಿಸುವುದು ಮರೆತುಹೋಗಿತ್ತು. ಮಕ್ಕಳ ತೂಕವನ್ನು ತರಬೇತುದಾರರೇ ತುಂಬಿದ್ದರು. ತಂಡದ ಪುಟಕ್ಕಿದ್ದ ಅಪ್ಪಣೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ತೋರಿಸು ಎಂದು. ಹೇಳಿದ ಮಾತನ್ನು ಅದು ಕೇಳಿತ್ತು, ಅಷ್ಟೆ.

"ತಪ್ಪು ನನ್ನದೇ ಕಣೇ," ಎಂದಳು ಅಮ್ಮ. "ಬಾ, ಇಲ್ಲಿ ಕೂತ್ಕೋ."

ಮಗಳು ಮುಖ ಊದಿಸಿಕೊಂಡೇ ಬಂದು ಕೂತಳು. ಅಮ್ಮ 'ಪಬ್ಲಿಕ್' ಅಳಿಸಿ 'ಪ್ರೈವೇಟ್' ಎಂದು ಬರೆದಳು. ಇನ್ನು ಕ್ಲಾಸಿನ ಒಳಗಿನ ಕೋಡ್ ಮಾತ್ರ ಇದನ್ನು ಮುಟ್ಟಬಹುದು ಎಂದು ವಿವರಿಸಿದಳು. ಮಗಳಿಗೆ ನಂಬಿಕೆ ಬರಲಿಲ್ಲ. ಕೀಲಿಮಣೆ ತನ್ನ ಕಡೆ ಎಳೆದುಕೊಂಡು, ಅಮ್ಮ ಹೇಳಿಕೊಟ್ಟಂತೆ ಕ್ಲಾಸಿನ ಹೊರಗಿನಿಂದ ತೂಕ ಕೇಳಿ ನೋಡಿದಳು. ಕೆಂಪು ಅಕ್ಷರದಲ್ಲಿ ದೋಷ ಬಂತು. ತೂಕ ಹತ್ತು ಕೆಜಿ ಎಂದು ಬದಲಿಸಲು ಹೋದಳು. ಮತ್ತೆ ಕೆಂಪು.

"ಹತ್ತು ಕೆಜಿ ಆದ್ರೆ ನಿನ್ನ ಮೀನಿನ ಹಾಗೆ ಬಲೆ ಹಾಕಿ ಎತ್ತಬೇಕಾಗುತ್ತೆ," ಎಂದಳು ಅಮ್ಮ. ಮಗಳ ತುಟಿಯ ಒಂದು ಕೊನೆ ಅಲುಗಿತು.

ತರಬೇತುದಾರರಿಗಾಗಿ ಅಮ್ಮ ಕ್ಲಾಸಿನೊಳಗೆ ಒಂದು ಮೆಥಡ್, ಕೇಳಿದ್ದಕ್ಕೆ ಉತ್ತರ ಕೊಡುವ ಪುಟ್ಟ ಕೋಡ್, ಬರೆದಳು. ಕೇಳಿದರೆ ಅದು, ಮಗು ಯಾವ ಗುಂಪು ಎಂದಷ್ಟೇ ಹೇಳುತ್ತದೆ. ಅಂಕಿ ಒಳಗೇ ಇರುತ್ತದೆ. ಪುಟದಿಂದ ತೂಕ ಹೋಯಿತು.

"ನೋಡಿದೋರು ನೋಡಿಯಾಯ್ತಲ್ಲ," ಎಂದಳು ಮಗಳು.

"ಹೂಂ. ಅದನ್ನ ವಾಪಸ್ ತರೋದು ನನ್ನ ಕೈಲಾಗಲ್ಲ ಪುಟ್ಟಾ."

ಮಗಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. "ನೀನು ಮಾತ್ರ ಈಗಲೂ ನೋಡಬಹುದು, ಅಲ್ವಾ?"

ಇಲ್ಲ ಎನ್ನುವುದು ಸುಲಭವಾಗಿತ್ತು. "ನೋಡಬಹುದು," ಎಂದಳು ಅಮ್ಮ. "ಕೋಡ್ ಬರೆಯೋಳು ನಾನೇ ಅಲ್ವಾ."

"ನೋಡಿದ್ಯಾ?"

"ಇಲ್ಲ. ನೀನು ಹೇಳದೆ ನೋಡೋದೂ ಇಲ್ಲ."

ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಭಾನುವಾರ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಿದಳು. ಏಳಕ್ಕೆ ಎಂದಳು ಅಮ್ಮ.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಮಗಳು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಅಮ್ಮನ ಕಿವಿಯ ಹತ್ತಿರ ಬಾಗಿದಳು. ಅವಳ ಬಿಸಿಯುಸಿರು ಕೆನ್ನೆಗೆ ತಾಗುತ್ತಿತ್ತು. ಅಮ್ಮ ಕಣ್ಣು ಮುಚ್ಚಿ ಆ ಅಂಕಿಯನ್ನು ಕೇಳಿಸಿಕೊಂಡಳು.