ಎಡಚ ದೇವರಿಗೊಂದು ಪದಕ

ಹೊಳೆನರಸೀಪುರದ ಹೊಳೆದಂಡೆಯ ಬಯಲಲ್ಲಿ ಟೆಂಟು ಎದ್ದು, ಅದರೊಳಗೆ ‘ಭಕ್ತ ಕೆಂಚಯ್ಯ’ ಓಡಲು ಶುರುವಾದ ಮೇಲೆ ಊರಿಗೆ ಊರೇ ಮೂಗು ಒರೆಸಿಕೊಂಡು ಓಡಾಡುವ ಹಾಗಾಯಿತು. ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರರು ಗಾಡಿ ಕಟ್ಟಿಸಿಕೊಂಡು ಬಂದು ಅತ್ತರು. ಚನ್ನರಾಯಪಟ್ಟಣದಿಂದ ಬುತ್ತಿ ತಂದವರು ಅದನ್ನು ಬಿಚ್ಚುವುದನ್ನೂ ಮರೆತು ಅತ್ತರು. ಹಾಸನದ ವಕೀಲರೊಬ್ಬರು, ಕೋರ್ಟಿನಲ್ಲಿ ಎಂಥವರ ಗೋಳಿಗೂ ಕರಗದವರು, ಇಲ್ಲಿ ಕುರ್ಚಿಯಲ್ಲಿ ಕೂತು ಕೋಟಿನ ತೋಳು ಒದ್ದೆ ಮಾಡಿಕೊಂಡರೆಂದು ಸುದ್ದಿ. ಯುದ್ಧದ ಕಾಲ, ಸೀಮೆಎಣ್ಣೆ ಸಿಕ್ಕದ ಕಾಲ, ಅಕ್ಕಿಗೆ ಸಾಲು ನಿಲ್ಲುವ ಕಾಲ. ಕಣ್ಣೀರಿಗೆ ಮಾತ್ರ ರೇಷನ್ ಇರಲಿಲ್ಲ.

ಚಿತ್ರದ ಕಥೆ ಇಷ್ಟೆ. ಕೆಂಚಯ್ಯ ಗುಡಿಯ ಹೊರಗೆ ನಿಂತು ತಮಟೆ ಬಡಿಯುವವನು. ಅವನನ್ನು ಒಳಕ್ಕೆ ಬಿಡುವುದಿಲ್ಲ. ಬಿಸಿಲಿರಲಿ ಮಳೆಯಿರಲಿ, ಅವನು ಹೊರಗೇ ನಿಂತು ಬಡಿಯುತ್ತಾನೆ. ಕೊನೆಗೊಂದು ದಿನ ಗುಡಿಯ ಬಾಗಿಲು ತಾನೇ ತೆರೆದು, ದೇವರೇ ನಡೆದು ಹೊರಗೆ ಬಂದು, ತನ್ನ ಕೊರಳ ಹೂವನ್ನು ತೆಗೆದು ಕೆಂಚಯ್ಯನಿಗೆ ಕೊಡುತ್ತಾನೆ. ಅಲ್ಲಿಗೆ ಟೆಂಟಿನೊಳಗೆ ಹೆಂಗಸರ ಸೆರಗು, ಗಂಡಸರ ವಲ್ಲಿ, ಎಲ್ಲವೂ ಕಣ್ಣಿಗೆ ಹೋಗುತ್ತಿದ್ದವು.

ಈ ಕೆಂಚಯ್ಯನ ಹೆಸರನ್ನು ಮೂರು ತಾಲ್ಲೂಕಿಗೆ ಹಬ್ಬಿಸಿದವನು ಬೈರಯ್ಯ. ಚಿತ್ರದ ಬಣ್ಣದ ಬಟ್ಟೆಯನ್ನು ಎತ್ತಿನ ಗಾಡಿಯ ಮೇಲೆ ಪಟದ ಹಾಗೆ ಎತ್ತಿ ಕಟ್ಟಿ, ಮುಂದೆ ನಿಂತು ತಮಟೆ ಬಡಿದು, ಊರೂರು ಕೂಗಿ ಬರುವುದು ಅವನ ಕೆಲಸ. ಸಂಜೆ ಜನವನ್ನೆಲ್ಲ ಟೆಂಟಿನ ಬಾಗಿಲಿಗೆ ತಂದು ಬಿಟ್ಟು, ಹೆಂಡತಿ ಮಾದಮ್ಮನ ಜೊತೆ ಅವನು ಟೆಂಟನ್ನು ಬಳಸಿಕೊಂಡು ಹಿಂದಕ್ಕೆ ಹೋಗುತ್ತಿದ್ದ. ಟೆಂಟಿನಲ್ಲಿ ಕುರ್ಚಿ, ಬೆಂಚು, ನೆಲ ಎಂದು ಮೂರು ತರಗತಿ. ಕೇರಿಯವರಿಗೆ ಮಾತ್ರ ನಾಲ್ಕನೆಯದು, ಪರದೆಯ ಹಿಂದೆ. ತೆಳು ಬಟ್ಟೆಯ ಪರದೆ, ಬೆಳಕು ಅದನ್ನು ತೂರಿಕೊಂಡು ಹಿಂದಕ್ಕೂ ಬರುತ್ತಿತ್ತು. ನೋಡಲು ಜಾಗ ಕೊಟ್ಟಿಲ್ಲವೆಂದು ಯಾರೂ ದೂರುವಂತಿರಲಿಲ್ಲ. ಕೆಂಚಯ್ಯನಿಗೂ ಗುಡಿಯ ಹೊರಗೆ ನಿಲ್ಲಲು ಜಾಗ ಕೊಟ್ಟಿದ್ದರಲ್ಲ!

ಮಾದಮ್ಮನಿಗೆ ಚಿತ್ರವೆಂದರೆ ಪ್ರಾಣ. ಅದರ ಹಾಡೆಲ್ಲ ಬಾಯಿಗೆ ಬಂದಿತ್ತು. ಕೆಂಚಯ್ಯ ತಮಟೆ ಎತ್ತಿದರೆ ಗಂಡನ ತೋಳನ್ನು ಚಿವುಟಿ “ನೋಡು, ನಿನ್ನಂಗೇ ಸೊಟ್ಟಗೆ ನಿಂತವ್ನೆ” ಎನ್ನುವಳು. ಆದರೆ ಒಂದು ಮುಳ್ಳು ಅವಳೊಳಗೆ ಮುರಿದುಕೊಂಡು ಕೂತಿತ್ತು. ಅದು ಹೊರಬಿದ್ದದ್ದು ಕೊಬ್ಬರಿ ಮಂಡಿಯ ಅಂಗಳದಲ್ಲಿ.

ಮಂಡಿ ಈಶ್ವರಯ್ಯನವರದು. ಟೆಂಟು ನಿಂತ ಬಯಲೂ ಅವರದೇ, ಊರಿನ ವಾಚನ ಸಂಘದ ಅಧ್ಯಕ್ಷಗಿರಿಯೂ ಅವರದೇ. ಮಾದಮ್ಮ ಅವರ ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದಳು. ಅವರ ಹೆಂಡತಿ ದಾಕ್ಷಾಯಣಮ್ಮ ಜಗಲಿಗೆ ಬಂದು ಕೂತರು. ಕಣ್ಣು ಊದಿಕೊಂಡಿತ್ತು.

“ಅತ್ತೂ ಅತ್ತೂ ತಲೆ ಭಾರ ಆಗದೆ ಕಣೆ ಮಾದಿ. ದೇವ್ರು ಬಲಗೈ ನೀಡಿ ಹೂ ಕೊಡ್ತಾನಲ್ಲ, ಅಲ್ಲಿ ನನ್ ಕೈಲಿ ತಡ್ಕಳಕಾಗಲ್ಲ.”

ಮಾದಮ್ಮನ ಕೈ ನಿಂತಿತು. “ಬಲಗೈ ಎಲ್ಲಿಂದ ಬಂತು ಅಮ್ನೋರೆ? ಎಡಗೈಲಲ್ವಾ ಕೊಡದು?”

“ಏನಂದೆ?”

“ಎಡಗೈ. ಇದು, ಈ ಕೈ.”

“ನಿನ್ ಬಾಯಿಗಿಷ್ಟು! ದೇವ್ರು ಎಡಗೈಲಿ ಕೊಡ್ತಾನೇನೆ ಯಾರ್ಗಾರ?”

“ಅದ್ನೇ ನಾನೂ ಕೇಳದು. ನಮ್ಮೋನು ಅಂತ ತಾನೆ ಎಡಗೈಲಿ ಕೊಟ್ಟಿದ್ದು? ನಿಮ್ಮೋರಾಗಿದ್ರೆ ಎಲ್ಡೂ ಕೈ ಸೇರ್ಸಿ ಕೊಟ್ಟಿರೋನು.”

“ನಿಂಗೆ ಕಣ್ಣು ಮಂಜು!”

“ನಿಮ್ಗೆ ಕಣ್ತುಂಬ ನೀರು. ನೀವೆಲ್ಲಿ ನೋಡಿದ್ರಿ ಅಮ್ನೋರೆ?”

ದಾಕ್ಷಾಯಣಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಡೀ ಊರಲ್ಲಿ ಯಾರಿಗೂ, ಗಂಡನಿಗೂ ಸೋತವರಲ್ಲ ಅವರು. ಅಷ್ಟರಲ್ಲಿ ಗಂಡನೇ ಒಳಗಿಂದ ಬಂದು, ನೂರನೆಯ ಆಟದ ದಿನ ವಾಚನ ಸಂಘದಿಂದ ಚಿತ್ರಕ್ಕೆ ಚಿನ್ನದ ಪದಕ ಕೊಡುವುದಾಗಿಯೂ, ಚಿತ್ರ ತೆಗೆದ ಕಂಪನಿಯವರೇ ಬಂದು ಅದನ್ನು ತೆಗೆದುಕೊಳ್ಳುವುದಾಗಿಯೂ, ಬೈರ ಗಟ್ಟಿಯಾಗಿ ತಮಟೆ ಬಡಿಯಬೇಕೆಂದೂ ಹೇಳಿದರು. “ಇಂಥ ಚಿತ್ರ ಹಿಂದೆ ಬಂದಿಲ್ಲ, ಮುಂದೆ ಬರದಿಲ್ಲ.”

ಮಾದಮ್ಮ ಕೊಬ್ಬರಿಯ ಕಡೆ ಬಗ್ಗಿ, “ಪದಕನಂತೆ” ಎಂದು ಗೊಣಗಿದಳು.

ಎಡಗೈಯಲ್ಲಿ ಕೊಟ್ಟರೆ ಕೊಟ್ಟಂತಲ್ಲ, ಎಸೆದಂತೆ. ಹಾಗೆ ಎಸೆದ ಹಿಟ್ಟನ್ನು, ಸೀರೆಯನ್ನು, ಮಾತನ್ನು ಹುಟ್ಟಿದಾಗಿನಿಂದ ಹಿಡಿಯುತ್ತ ಬಂದವಳು ಅವಳು. ಮನುಷ್ಯರು ಎಸೆಯಲಿ, ಅವರ ಬುದ್ಧಿ ಅಷ್ಟು. ದೇವರೂ ಹಾಗೇ ಮಾಡಿದನೆಂದರೆ ಮತ್ತೆ ಯಾರ ಮುಖ ನೋಡುವುದು?

ಮಾರನೆಯ ಬೆಳಿಗ್ಗೆ ಬೈರಯ್ಯ ಚನ್ನರಾಯಪಟ್ಟಣದ ದಾರಿಗೆ ಗಾಡಿ ಹೂಡಿದ್ದ. ಮಾದಮ್ಮ ಬುತ್ತಿ ಹಿಡಿದು ಹಿಂದೆ ನಡೆದಳು. ಎಳೆಬಿಸಿಲು ಎದುರಿನಿಂದ ಬಿದ್ದು, ಗಾಡಿಯ ಮೇಲಿನ ಬಣ್ಣದ ಬಟ್ಟೆ ದೀಪ ಹಚ್ಚಿದಂತೆ ಹೊಳೆಯುತ್ತಿತ್ತು. ಅದರಲ್ಲಿ ಅದೇ ದೇವರು, ಅದೇ ಕೆಂಚಯ್ಯ, ಅದೇ ಹೂವು. ಹಿಂದಿನಿಂದ ನೋಡಿದಳು. ಎಡಗೈ. ಬುತ್ತಿ ಕೊಡಲು ಗಾಡಿಯ ಮುಂದಕ್ಕೆ ಹೋಗಿ ತಲೆಯೆತ್ತಿದಳು. ಬಲಗೈ!

ಹಿಂದಕ್ಕೆ ಓಡಿದಳು. ಎಡಗೈ. ಮುಂದಕ್ಕೆ ಬಂದಳು. ಬಲಗೈ. ಮತ್ತೊಂದು ಸುತ್ತು ಹೊಡೆದಳು.

“ಏನಮ್ಮಿ ಇದು, ಗಾಡಿಗೆ ಪ್ರದಕ್ಷಿಣೆ ಹಾಕ್ತಿದೀಯಾ?” ಎಂದ ಬೈರಯ್ಯ.

ಮಾದಮ್ಮ ಗಾಡಿಯ ಚಕ್ರ ಹಿಡಿದುಕೊಂಡು ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. “ಬಲಗೈ ಕಣೋ! ದೇವ್ರು ಬಲಗೈಲೇ ಕೊಟ್ಟವ್ನೆ! ನಾವು ಹಿಂದ್ಗಡೆ ಕುಂತು ಅವ್ನ ಎಡಚ ಮಾಡ್ಬುಟ್ಟಿದ್ವಿ!”

ನಗು ಹಾಗೇ ಮುಖದ ಮೇಲೆ ಆರಿತು.

“ಅಲ್ಲ,” ಎಂದಳು ಮೆಲ್ಲಗೆ, “ನಾವಲ್ಲ. ಕುಂಡ್ರಿಸ್ದೋರು ಮಾಡಿದ್ದು. ದೇವ್ರು ಬಲಗೈಲಿ ಕೊಟ್ಟಿದ್ನ ನಮ್ಗೆ ಮುಟ್ಟೋವಷ್ಟರಲ್ಲಿ ಎಡಗೈ ಮಾಡವ್ರೆ ನೋಡು. ಅದ್ರ ಮೇಲೆ ಇವ್ರು ಪದಕ ಬೇರೆ ಕೊಟ್ಕೋತಾರೆ.”

“ಈಗೇನ್ ಮಾಡಿಯೆ?”

“ನಾನು ಆ ಬಲಗೈನ ಪರದೆ ಮೇಲೆ, ಮುಂದ್ಗಡೆಯಿಂದ ನೋಡ್ಬೇಕು. ನೋಡ್ದೆ ಇದ್ರೆ ನಂಗೆ ಅನ್ನ ಇಳಿಯಾಕಿಲ್ಲ.”

ನೂರನೆಯ ಆಟದ ಸಂಜೆ ಟೆಂಟು ಬಿರಿಯುವಷ್ಟು ಜನ. ಮಾವಿನ ತೋರಣ, ಪೆಟ್ರೋಮ್ಯಾಕ್ಸು, ಕಂಪನಿಯವರ ಕೊರಳಲ್ಲಿ ಕಾಕಡದ ಹಾರ. ಬೈರಯ್ಯ ಎಲ್ಲರನ್ನೂ ತಮಟೆಯೊಂದಿಗೆ ಬಾಗಿಲವರೆಗೆ ತಂದು, ಎಂದಿನಂತೆ ಹಿಂದಕ್ಕೆ ಬಂದು ಕೇರಿಯವರ ನಡುವೆ ಕೂತ. ಪರದೆಯ ಆಚೆ ಈಶ್ವರಯ್ಯನವರು ಭಾಷಣಕ್ಕೆ ನಿಂತರು.

“ಮಹನೀಯರೇ, ದೇವರೇ ಗುಡಿಯಿಂದ ಆಚೆಗೆ ನಡೆದು ಬರುವ ಈ ಅಮೋಘ ದೃಶ್ಯವನ್ನು ಕಂಡು ನಮ್ಮ ಹೃದಯದ ಕೊಳೆ ತೊಳೆದುಹೋಗಿದೆ. ಈ ಚಿತ್ರಕ್ಕೆ ಪದಕ ಸಲ್ಲದು ಎನ್ನುವ ಕಲ್ಲೆದೆಯವರು ಈ ಸಭೆಯಲ್ಲಿ ಯಾರಾದರೂ ಇದ್ದಾರೆಯೇ?”

“ಇವ್ನಿ ಬುದ್ಧಿ!” ಎಂದಿತು ಪರದೆ.

ಮುಂದಿನ ಸಾಲಿನವರು ಬೆಚ್ಚಿಬಿದ್ದರು. ಯಾರೋ ಅಜ್ಜಿ ಪರದೆಗೆ ಕೈಮುಗಿದರು. ಈಶ್ವರಯ್ಯನವರು ತಿರುಗಿ ನೋಡಿದರೆ ಬರೀ ಬಿಳಿ ಬಟ್ಟೆ.

“ಯಾರದು?”

“ನಾನು ಮಾದಮ್ಮ. ನಿಮ್ ದೇವ್ರು ಈ ಕಡೆಯಿಂದ ಎಡಚ, ಬುದ್ಧಿ! ಎಡಗೈಲಿ ಹೂ ಕೊಡ್ತಾನೆ. ನೂರ್ ಆಟ ಕೊಟ್ಟ. ಇಂಥೋನಿಗ್ಯಾಕೆ ಪದಕ?”

ಗದ್ದಲವೆದ್ದಿತು. ಕುರ್ಚಿಯಲ್ಲಿದ್ದವರೊಬ್ಬರು, “ಆಚೆಗಟ್ರೋ ಅವಳ್ನ!” ಎಂದು ಕೂಗಿದರು.

“ಆಚೆಗೇ ಇವ್ನಿ ಸಾಮಿ! ಇನ್ನೆಲ್ಲಿಗಟ್ಟೀರಿ?”

ನೆಲದ ಮೇಲಿದ್ದವರು ಹೋ ಎಂದು ನಕ್ಕರು. ಬೆಂಚಿನ ಹೆಂಗಸರೂ ಸೆರಗಿನಲ್ಲಿ ನಕ್ಕರು. ಅಷ್ಟರಲ್ಲಿ ದಾಕ್ಷಾಯಣಮ್ಮ ಎದ್ದು ನಿಂತರು. ನ್ಯಾಯ, ಅನ್ಯಾಯ ಒಂದೂ ಆ ಗಳಿಗೆಯಲ್ಲಿ ಅವರ ತಲೆಯಲ್ಲಿರಲಿಲ್ಲ. ಮಾದಿ ನಾಲ್ಕು ಜನರ ಮುಂದೆ ತಮ್ಮ ಕಣ್ಣನ್ನೇ ಸುಳ್ಳು ಮಾಡಿದಳಲ್ಲ, ಅದಷ್ಟೇ ಉರಿ.

“ಪುಟ್ಟರಾಜು, ಹೂವಿನ ರೀಲೇ ಮೊದ್ಲು ಹಾಕಪ್ಪ,” ಎಂದು ಮಿಷನ್ನಿನವನಿಗೆ ಕೂಗಿ ಹೇಳಿ ಹೊರಟರು.

“ಲೇ, ಎಲ್ಲಿಗೆ?” ಎಂದರು ಈಶ್ವರಯ್ಯ.

“ಹಿಂದ್ಗಡೆಗೆ.”

“ಅಲ್ಲಿ ಕೇರಿಯೋರು ಕೂತವ್ರಲ್ಲೇ!”

“ದೇವ್ರೇ ಆಚೆಗೆ ಬಂದ ಅಂತ ಈಗ್ತಾನೆ ಭಾಷ್ಣ ಬಿಗಿದ್ರಿ. ನಾನು ಹೋದ್ರೇನು ಸವದೋಯ್ತೀನಾ?”

ಟೆಂಟು ಬಳಸಿ ಹೋಗಿ, ಮಾದಮ್ಮನ ಪಕ್ಕದ ಮಣ್ಣಿನ ಮೇಲೇ ಕೂತರು. ದೀಪ ಆರಿತು. ಗುಡಿಯ ಬಾಗಿಲು ತೆರೆಯಿತು. ದೇವರು ನಡೆದು ಬಂದ. ಕೊರಳಿಗೆ ಕೈ ಹಾಕಿದ.

“ಅಯ್ಯಯ್ಯೋ!” ಎಂದು ಚೀರಿದರು ದಾಕ್ಷಾಯಣಮ್ಮ. “ಎಡಗೈ ಕಣ್ರೇ! ಮಾದಿ ಹೇಳಿದ್ದು ದಿಟ! ಎಡಗೈ!”

ಇನ್ನು ಯಾರು ತಡೆಯುತ್ತಾರೆ? ಬೆಂಚಿನ ಹೆಂಗಸರು ಎದ್ದರು. ಅವರ ಹಿಂದೆ ನೆಲದವರು, ಅವರ ಹಿಂದೆ ಚನ್ನರಾಯಪಟ್ಟಣದ ಗಾಡಿಯವರು, ಕೊನೆಗೆ ಹಾಸನದ ವಕೀಲರೂ ಪಂಚೆ ಎತ್ತಿ ಕಟ್ಟಿ ಹೊರಟರು. “ತಿರ್ಗಾ ಹಾಕು! ತಿರ್ಗಾ ಹಾಕು!” ಎಂದು ಕೂಗುತ್ತ ಎಲ್ಲರೂ ಹಿಂದಕ್ಕೆ ನುಗ್ಗಿದರು. ಪುಟ್ಟರಾಜು ಬೆವರುತ್ತ ರೀಲು ಸುತ್ತತೊಡಗಿದ.

ಮಾದಮ್ಮ ಗಂಡನನ್ನು ತಿವಿದಳು. “ಏಳು. ಮುಂದ್ಗಡೆ ಖಾಲಿ ಆಗದೆ.”

ಬೈರಯ್ಯ ತಮಟೆ ಎತ್ತಿಕೊಂಡ. ಕೇರಿಯ ಹೆಂಗಸರು, ಗಂಡಸರು, ಕಂಕುಳ ಕೂಸುಗಳು, ಎಲ್ಲರೂ ಟೆಂಟಿನ ಮುಂದಿನ ಬಾಗಿಲಿನಿಂದ ಒಳಗೆ ಬಂದು ಕೂತರು. ನೆಲದ ಮೇಲಲ್ಲ, ಬೆಂಚಿನ ಮೇಲೆ. ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಬೈರಯ್ಯನ ತಾಯಿ ದೊಡ್ಡಮ್ಮ ಕಾಲು ಮೇಲಿಟ್ಟುಕೊಂಡು ಕೂತು, “ಮೆತ್ತಗದೆ ಕಣಪ್ಪೋ” ಎಂದಳು.

ರೀಲು ಮತ್ತೆ ಓಡಿತು. ದೇವರು ಹೊರಬಂದ. ಕೈ ನೀಡಿದ. ಬಲಗೈ! ದೊಡ್ಡದು, ತೆರೆದದ್ದು, ಹೂವು ತುಂಬಿದ್ದು. ಮಾದಮ್ಮನಿಗೆ ಅದು ಪರದೆ ದಾಟಿ ತನ್ನ ಮಡಿಲಿಗೇ ಬಂದಂತೆ ಕಂಡಿತು. ಅವಳು ಅಳಲಿಲ್ಲ. ಬೆಂಚಿನ ಮೇಲೆ ಎದ್ದು ನಿಂತು “ಬಲಾ!” ಎಂದು ಕೂಗಿದಳು. ಪರದೆಯ ಹಿಂದಿನಿಂದ “ಎಡಾ!” ಎಂದು ಉತ್ತರ ಬಂತು. “ಬಲಾ!” “ಎಡಾ!” ಇಡೀ ಟೆಂಟು ಚಿಣ್ಣಿದಾಂಡಿನ ಬಯಲಾಯಿತು. ಬೈರಯ್ಯ ತಮಟೆಯನ್ನೂ ಸೇರಿಸಿದ. ಪದಕ ಹಿಡಿದ ಈಶ್ವರಯ್ಯನವರು ಪರದೆಯ ಅಂಚಿನಲ್ಲಿ ನಿಂತು, ಯಾವ ಕಡೆ ಮುಂದು ಯಾವ ಕಡೆ ಹಿಂದು ಎಂದು ತಿಳಿಯದೆ ಎರಡೂ ಕಡೆ ಕತ್ತು ತಿರುಗಿಸುತ್ತಿದ್ದರು.

ಹಿಂದಿನಿಂದ ಜನ ವಾಪಸು ಬಂದಾಗ ಜಾಗವಿರಲಿಲ್ಲ. ಕುರ್ಚಿಯ ಕೆಲವರು ಮೈಲಿಗೆ, ಮುಡಿಚಟ್ಟು ಎಂದು ಗೊಣಗುತ್ತ ಹೊರಟುಹೋದರು. ಹೋದವರ ಕುರ್ಚಿ ಖಾಲಿ ಉಳಿಯಲಿಲ್ಲ. ದಾಕ್ಷಾಯಣಮ್ಮ ತಮ್ಮ ಬೆಂಚಿನ ಬಳಿ ನಿಂತು ಮಾದಮ್ಮನನ್ನು ನೋಡಿದರು. ಮಾದಮ್ಮ ಏಳಲಿಲ್ಲ.

“ಸರ್ಕೊಳೇ,” ಎಂದರು ದಾಕ್ಷಾಯಣಮ್ಮ. “ಮೈ ತುಂಬ ಮಣ್ಣಾಗದೆ. ಆ ಮಣ್ಣಲ್ಲಿ ಹೆಂಗೆ ಕೂರ್ತಿದ್ರೇ ನೀವು?”

ಮಾದಮ್ಮ ಸರಿದಳು.

ಈಶ್ವರಯ್ಯನವರು ಗಂಟಲು ಸರಿಮಾಡಿಕೊಂಡರು. “ಈಗಾರ ಹೇಳಮ್ಮ. ಚಿತ್ರ ಹೆಂಗದೆ? ಪದಕ ಕೊಡಬೋದಾ?”

“ಚಿತ್ರ ಚಂದಾಗದೆ ಬುದ್ಧಿ. ಪದಕ ನಾಳೆ ಕೊಡಿ. ನಾಳೆನೂ ನಾನು ಇಲ್ಲೇ ಕುಂತಿದ್ರೆ ಕೊಡಿ. ಇಲ್ದಿದ್ರೆ ಅದು ಬರೀ ಬಟ್ಟೆ ಮೇಲಿನ ಬೆಳಕು.”

ಪದಕ ಅಧ್ಯಕ್ಷರ ಜೇಬಿಗೆ ಹೋಯಿತು.

ಮಾರನೆಯ ಸಂಜೆ ಬೈರಯ್ಯನ ಕೂಗು ಬದಲಾಗಿತ್ತು. “ಬನ್ರಪ್ಪೋ ಬನ್ನಿ! ದೇವ್ರು ಬಲಗೈಲಿ ಹೂ ಕೊಡೋದ್ನ ಎಲ್ರೂ ಮುಂದ್ಗಡೆ ಕುಂತು ನೋಡ್ಬನ್ನಿ!” ಹೀಗೆ ಕೂಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೇಡವೆನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಹೊಸ ಕೂಗಿಗೆ ಹೊಸ ಜನವೇ ಬಂದಿತ್ತು.

ಟೆಂಟಿನ ಬಾಗಿಲಲ್ಲಿ ಟಿಕೇಟಿನವನು ಮಾದಮ್ಮನನ್ನು ಕಂಡು ಒಂದು ಗಳಿಗೆ ಕೈ ಅಡ್ಡ ಹಿಡಿದ. ಒಳಗಿನಿಂದ ದಾಕ್ಷಾಯಣಮ್ಮನ ದೊಡ್ಡ ದನಿ ಬಂತು: “ಮಾದಮ್ಮಾ, ಬೇಗ ಬಾರೇ! ಸೆರಗು ಹಾಸ್ಕೊಂಡು ಜಾಗ ಹಿಡ್ದಿವ್ನಿ!” ಅವನ ಕೈ ತಾನಾಗಿಯೇ ಕೆಳಗಿಳಿಯಿತು. ಮಾದಮ್ಮ ಒಳಗೆ ನಡೆದಳು. ಯಾವ ಕಾಲು ಮೊದಲಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ.

ಅವಳು ಕೂತ ಮೇಲೆ ಈಶ್ವರಯ್ಯನವರು ಎದ್ದು ಜೇಬಿನಿಂದ ಪದಕ ತೆಗೆದರು. ಕಂಪನಿಯವರು ಮುಂದೆ ಬಂದರು. ಎಲ್ಲರ ಕಣ್ಣೂ ತಮ್ಮ ಕೈಯ ಮೇಲಿದೆಯೆಂದು ಅಧ್ಯಕ್ಷರಿಗೆ ಹೊಳೆಯಲು ಕೊಂಚ ಹೊತ್ತು ಹಿಡಿಯಿತು. ಬಗ್ಗಿ ನೋಡಿಕೊಂಡರು. ಪದಕವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು.

“ಆಂ, ಈಗ ಕೊಡಿ ಬುದ್ಧಿ,” ಎಂದಳು ಮಾದಮ್ಮ.