ಕತ್ತರಿ ಬಿದ್ದ ಅರಮನೆ

ನಾನು ನಾಟಕದ ಪರದೆ. ಹದಿನೆಂಟು ಅಡಿ ಅಗಲದ ದಪ್ಪ ಬಟ್ಟೆಯ ಮೇಲೆ ಎಂಟು ಕಂಬ, ಒಂದು ಸಿಂಹಾಸನ; ಇಷ್ಟೇ ನನ್ನ ಅರಮನೆ. ಹುಬ್ಬಳ್ಳಿಯ ಓಣಿಯೊಂದರಲ್ಲಿ ಪೇಂಟರ್ ವೀರಭದ್ರಪ್ಪ ಒಂಬತ್ತು ದಿನ ಮಂಡಿಯೂರಿ ನನ್ನನ್ನು ಬರೆದ. ಸಿಂಹಾಸನದ ಸಿಂಹಗಳು ಬೆಕ್ಕಿನಂತಾದವು. ದೂರದಿಂದ ನೋಡುವವರಿಗೆ ಗೊತ್ತಾಗುವುದಿಲ್ಲ ಎಂದು ಅವನೇ ಸಮಾಧಾನ ಮಾಡಿಕೊಂಡ.

ನಾನು ಸೇರಿದ್ದು ಒಂದು ನಾಟಕ ಕಂಪನಿಗೆ. ಮೂರನೇ ಬೆಲ್ ಆದೊಡನೆ ಮುಂದಿನ ಪರದೆ ಮೇಲೇಳುತ್ತಿತ್ತು. ಹಿಂದೆ ನಾನು, ನನ್ನ ಮುಂದೆ ರಾಣಿ ಪಾರ್ಟಿನ ಚಂಪಾಬಾಯಿ. ಅವಳು ಬಾಯಿ ತೆರೆದರೆ ಕೊನೆಯ ಬೆಂಚಿನವರೂ ಶೇಂಗಾ ತಿನ್ನುವುದನ್ನು ನಿಲ್ಲಿಸುತ್ತಿದ್ದರು. ಅದೇ ರಾಣಿ ಹಗಲು ಹೊತ್ತು ಕಂಪನಿಯ ಮೂವತ್ತು ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು.

ಆಮೇಲೆ ಜನ ಬರುವುದು ಕಡಿಮೆಯಾಗಿ ಕಂಪನಿ ಮುಚ್ಚಿತು. ಮಾಲಕರು ನನ್ನನ್ನು ಚಂಪಾಬಾಯಿಯ ಟ್ರಂಕಿಗೆ ಹಾಕಿ, "ಜ್ವಾಕಿ ಮಾಡವ್ವಾ, ಕಂಪನಿ ಮತ್ತ ಎಬ್ಬಸೂಣು" ಎಂದರು. ಅವರು ತೀರಿಕೊಂಡರು. ಇವಳು ಕಾಯುತ್ತಲೇ ಇದ್ದಳು. ಗದಗಿನ ಅವಳ ಒಂದೇ ಕೋಣೆಯ ಮನೆಯಲ್ಲಿ ಅರ್ಧ ಜಾಗ ನನ್ನದು. ಅಮಾವಾಸ್ಯೆಗೊಮ್ಮೆ ಟ್ರಂಕಿಗೆ ಊದಿನಕಡ್ಡಿ ಬೆಳಗುತ್ತಿದ್ದಳು. ಭಕ್ತಿಯೇನೋ ಸರಿ, ಒಳಗಿದ್ದ ನನಗೆ ಮಾತ್ರ ಉಸಿರು ಕಟ್ಟುತ್ತಿತ್ತು.

ಹೀಗಿರುವಾಗ ಮನೆಯೆದುರು ಬಸ್ ಡಿಪೋ ಬಂತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖಾಸಿಂಬಿ ಬೆನ್ನು ಹತ್ತಿದಳು.

"ಚಂಪಕ್ಕಾ, ಅಂಗಳಕ್ಕ ಒಂದೀಟು ನೆಳ್ಳು ಮಾಡಿ ಖಾನಾವಳಿ ತಗಿ. ನೀ ತಗೀಲಿಲ್ಲಂದ್ರ ಬ್ಯಾರೆಯವ್ರು ತಗೀತಾರ."

"ನಾಳೆ ಕಂಪನಿ ಎದ್ರ? ನಾ ಇಲ್ಲಿ ರೊಟ್ಟಿ ಬಡಕೋತ ಕುಂತ್ರ ಅಲ್ಲಿ ರಾಣಿ ಪಾರ್ಟ್ ಯಾರು ಮಾಡ್ತಾರ?"

ನನಗೆ ಸಿಟ್ಟು ನೆತ್ತಿಗೇರಿತು. ಅರವತ್ತರ ರಾಣಿ, ಸುಕ್ಕುಗಟ್ಟಿದ ಅರಮನೆ. ನಮ್ಮನ್ನು ಯಾರು ಕರೆಯುತ್ತಾರೆ? ಕೈಗೆ ಬಂದದ್ದನ್ನು ಬಿಡುತ್ತಿದ್ದಾಳಲ್ಲ ಎಂದು ಸಂಕಟವೂ ಆಯಿತು.

ಮುಂದಿನ ಅಮಾವಾಸ್ಯೆ ಟ್ರಂಕಿನೊಳಗೆ ಕಿಚಕಿಚ ಸದ್ದು ಕೇಳಿ ಅವಳು ಮುಚ್ಚಳ ತೆಗೆದಳು, ನನ್ನನ್ನು ಬಿಡಿಸಿದಳು. ಸಿಂಹಾಸನದ ನಟ್ಟನಡುವೆ ತೂತು. ಅದರಲ್ಲಿ ಇಲಿಯೊಂದು ಐದು ಮರಿ ಹಾಕಿಕೊಂಡು ಮಲಗಿತ್ತು. ಚಂಪಾಬಾಯಿ ನೋಡಿದಳು, ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಖಾಸಿಂಬೀ, ಬಾರ ಇಲ್ಲೆ! ರಾಣಿ ಪಾರ್ಟ್ ಇಲಿ ಮಾಡಾಕತ್ತೈತಿ!"

ನಗುತ್ತ ನಗುತ್ತಲೇ ಅತ್ತಳು. ಕಣ್ಣೊರೆಸಿಕೊಂಡು ಕತ್ತರಿ ತರಲು ಹೇಳಿದಳು.

ಖಾಸಿಂಬಿ ಹಿಂಜರಿದಳು. "ಪರದಿಗೆ ಕತ್ತರಿ ಹಚ್ಚಿದ್ರ ಕಂಪನಿ ಮುರೀತೈತಿ ಅಂತ ನೀನ ಹೇಳ್ತಿದ್ದೆಲ್ಲ?"

"ಮುರದು ಹನ್ನೊಂದು ವರ್ಷ ಆತು. ಹಚ್ಚು."

ನೋವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅಷ್ಟು ವರ್ಷಗಳ ಮೇಲೆ ಮೈಗೆ ಗಾಳಿ ತಾಗಿತ್ತು. ಅಬ್ಬಾ, ಎಂಥ ಸುಖ!

ನನ್ನ ಒಂದು ತುಂಡು ಅಡುಗೆಯ ಮೂಲೆಗೆ ಅಡ್ಡಪರದೆಯಾಯಿತು, ದೊಡ್ಡ ತುಂಡು ಅಂಗಳಕ್ಕೆ ಚಪ್ಪರವಾಯಿತು. ಮೊದಲ ದಿನ ಡ್ರೈವರೊಬ್ಬ ಊಟ ಕೇಳಿದಾಗ ಚಂಪಾಬಾಯಿ ಒಳಗಿನಿಂದ, "ತಡೀರಿ, ಇನ್ನ ಎರಡನೇ ಬೆಲ್ ಆಗೇತಿ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಈಗ ಅವಳಿಗೆ ಅಡುಗೆ ಬಿಟ್ಟು ಬೇರೆ ನೆನಪಿಲ್ಲ. ಬಿಸಿಲಿಗೆ ನನ್ನ ಕಂಬಗಳ ಬಣ್ಣ ಉದುರುತ್ತಿದೆ. ಉದುರಲಿ ಬಿಡಿ, ನನಗೆ ಅದರ ಭಾರ ಸಾಕಾಗಿತ್ತು.

ಮೊನ್ನೆ ಒಬ್ಬ ಬಂದ. ಹೊಸ ಕಂಪನಿ ಕಟ್ಟುತ್ತಿದ್ದಾನಂತೆ.

"ಚಂಪಾಬಾಯಾರ, ರಾಣಿ ಪಾರ್ಟಿಗೆ ನೀವ ಬರಬೇಕ್ರಿ" ಎಂದ.

ಇವಳು ಎಲ್ಲ ಬಿಟ್ಟು ಹೊರಟೇಬಿಡುತ್ತಾಳೆ ಎಂದುಕೊಂಡೆ. ಚಂಪಾಬಾಯಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅವನನ್ನೇ ನೋಡಿದಳು.

"ಪಾರ್ಟು ಯಾರರ ಹರೇದ ಹುಡುಗಿಗೆ ಕೊಡ್ರಿ. ನಿಮ್ಮ ಕಂಪನ್ಯಾಗ ಎಷ್ಟು ಮಂದಿ ಅದೀರಿ ಹೇಳ್ರಿ, ರೊಟ್ಟಿ ನಾ ಕಳಸ್ತೀನಿ."

ಅವನು ಪೆಚ್ಚಾಗಿ ಬೆಂಚಿನ ಮೇಲೆ ಕುಳಿತ. ನಾನು ಅವನಿಗೂ ನೆರಳು ಕೊಟ್ಟೆ.